ಟಾಪ್ ಮಾಡೆಲ್‌ನ ಮೂರನೇ ಬಟನ್

ಮರಳೂರಿಗೆ ಹಾಲಿನ ಗಾಡಿ ಬರುವ ಮೊದಲೇ ವೆಂಕಟರಂಗಯ್ಯ ಕೆಲಸಕ್ಕಿಳಿದಿದ್ದಾರೆ. ಕೊಬ್ಬರಿ ವ್ಯಾಪಾರಿ ಪ್ರಭುದೇವ ಅವರ ಮನೆ ಮುಂದಿನ ಕಪ್ಪು ಎಸ್‌ಯುವಿಗೆ ಒದ್ದೆ ಬಟ್ಟೆ ಎಳೆಯುತ್ತಾರೆ, ಬಗ್ಗಿ ಚಕ್ರದ ಕೆಸರು ಕೆರೆಯುತ್ತಾರೆ. ಮನೆಯವರ ಬಾಯಲ್ಲಿ ಅವರು ರಂಗಣ್ಣ. ಮೊನ್ನೆ ಮೊನ್ನೆಯವರೆಗೆ ಈ ಮನೆಯ ಡ್ರೈವರ್ ಆಗಿದ್ದವರು ಈಗ ಗಾಡಿ ತೊಳೆಯುತ್ತಾರೆ.

ಅಮೃತೂರಿನ ರಂಗಣ್ಣ ಕುಣಿಗಲ್ ದಾರಿಯ ಖಾಸಗಿ ಬಸ್ಸುಗಳಲ್ಲಿ ಹರೆಯ ಸವೆಸಿ ಇಲ್ಲಿಗೆ ಬಂದವರು. ಗುಬ್ಬಿಯ ಮಂಡಿಗೆ, ಮಠಕ್ಕೆ, ಯಜಮಾನರ ಮಗಳು ದೀಪಿಕಾಳ ಕಾಲೇಜಿಗೆ, ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ, ಕರೆದಲ್ಲಿಗೆಲ್ಲ ಓಡಿಸಿದರು. ಈ ಮನೆಯವನೇ ಆಗಿಬಿಟ್ಟೆ ಎಂದುಕೊಂಡರು. ಎಡವಿದ್ದು ಅಲ್ಲೇ.

ಕಳೆದ ವರ್ಷ ಹೊಸ ಗಾಡಿ ಕೊಳ್ಳುವಾಗ ಪ್ರಭುದೇವ ರಂಗಣ್ಣನನ್ನೂ ಶೋರೂಮಿಗೆ ಕರೆದೊಯ್ದರು. "ಓಡ್ಸೋನು ನೀನು, ನೀನೇ ಹೇಳು ರಂಗಣ್ಣ" ಎಂದರು. ಡ್ರೈವರನ್ನು ಹಾಗೆ ಯಾರು ಕೇಳುತ್ತಾರೆ? ರಂಗಣ್ಣ ಹಿಗ್ಗಿಹೋದರು. ಪೆಟ್ರೋಲು, ಡೀಸೆಲ್ ಎರಡನ್ನೂ ಓಡಿಸಿ ನೋಡಿ, ದಿನಾ ಹೆದ್ದಾರಿ ಓಡಾಟಕ್ಕೆ ಡೀಸೆಲ್ಲೇ ಸರಿ ಎಂದರು. ಗಾಜಿನ ಚಾವಣಿ, ತಣ್ಣಗೆ ಗಾಳಿಯಾಡುವ ಸೀಟು ನಡುವಿನ ಮಾಡೆಲ್‌ನಲ್ಲೇ ಇದ್ದವು. ಮುಂದಿನ ವಾಹನ ಹತ್ತಿರವಾದರೆ ತಾನೇ ಬ್ರೇಕ್ ಹಾಕುವುದು, ಗೆರೆ ದಾಟದಂತೆ ಸ್ಟೇರಿಂಗ್ ತಿದ್ದುವುದು, ತಾನೇ ಪಾರ್ಕ್ ಮಾಡಿಕೊಳ್ಳುವುದು ಮಾತ್ರ ಟಾಪ್ ಮಾಡೆಲ್‌ನಲ್ಲಿ. ಬೆಲೆ ಕೇಳಿ ಯಜಮಾನರು ಹಿಂದೇಟು ಹಾಕಿದರು. ಪಟ್ಟು ಹಿಡಿದು ಅದನ್ನೇ ಕೊಳ್ಳಿಸಿದವರು ರಂಗಣ್ಣ.

"ಯಜಮಾನ್ರ ತಾಯಿನ ಕೂರಿಸ್ಕೊಂಡು ಓಡಾಡೋ ಗಾಡಿ ಸಾರ್. ನಂಗೂ ವಯಸ್ಸಾಯ್ತು. ನನ್ ಕಣ್ಣು ತಪ್ಪಿದ್ರೂ ಗಾಡಿ ನೋಡ್ಕೊಳ್ಳಲಿ ಅಂದೆ" ಎಂದು ಈಗ ನಮ್ಮೆದುರು ಹೇಳುತ್ತಾರೆ.

ಗಾಡಿ ಚೆನ್ನಾಗಿಯೇ ನೋಡಿಕೊಂಡಿತು. ಸ್ಟೇರಿಂಗ್ ಮುಟ್ಟಲು ಹೆದರುತ್ತಿದ್ದ ಪ್ರಭುದೇವ ಕೆಲವೇ ತಿಂಗಳಲ್ಲಿ ಒಬ್ಬರೇ ಗುಬ್ಬಿಗೆ ಹೋಗಿಬಂದರು. "ಎಲ್ಲಾ ಗಾಡಿನೇ ಮಾಡ್ತದೆ ರಂಗಣ್ಣ. ನೀನು ಬೆಳಿಗ್ಗೆ ಬಂದು ತೊಳೆದು ಹೋಗು, ಸಾಕು" ಎಂದರು. ಸಂಬಳ ಅರ್ಧವಾಯಿತು. ಪೂರ್ತಿ ಬಿಡಿಸಲಿಲ್ಲವಲ್ಲ, ಅದನ್ನೇ ಉಪಕಾರ ಎನ್ನಬೇಕಂತೆ!

"ನನ್ ಕೈಯಾರೆ ಆರಿಸ್ದೆ ಸಾರ್. ಯಾರನ್ನ ಬಯ್ಯಲಿ?"

ಡ್ರೈವರ್ ಬಾಗಿಲಿನ ಒಳಬದಿಯಲ್ಲಿ ಮೂರು ಬಟನ್‌ಗಳಿವೆ. ಒತ್ತಿದರೆ ಸೀಟು ಒಬ್ಬೊಬ್ಬರ ಅಳತೆಗೆ ಸರಿದು ನಿಲ್ಲುತ್ತದೆ. ಮೊದಲನೆಯದು ಯಜಮಾನರದ್ದು. ಎರಡನೆಯದು ಅವರ ಹೆಂಡತಿ ಅನುಪಮಾ ಅವರದ್ದು, ಅವರಿಗೆ ಗಾಡಿ ಓಡಿಸಲು ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ಮೂರನೆಯದನ್ನು ಗಾಡಿ ಬಂದ ದಿನ ಯಜಮಾನರೇ ರಂಗಣ್ಣನ ಗಿಡ್ಡ ಕಾಲಿಗೆ ಹೊಂದಿಸಿ ಕೊಟ್ಟಿದ್ದರು.

ನಿಮಗೇನಾಸೆ ಎಂದು ಕೇಳಿದರೆ ರಂಗಣ್ಣ ಅದೇ ಬಟನ್ ತೋರಿಸುತ್ತಾರೆ. "ಕೆಲ್ಸ ವಾಪಸ್ ಕೊಡಿ ಅಂತ ಕೇಳಲ್ಲ. ಈ ಮೂರನೇ ನಂಬರು ನಂದೇ ಇರ್ಲಿ, ಅಷ್ಟೇಯ. ನೋಡಿ, ತೋರಿಸ್ತೀನಿ."

ಕೈ ಒರೆಸಿಕೊಂಡು ಹತ್ತಿ ಕೂತು, ಬಟನ್ ಒತ್ತುತ್ತಾರೆ. ಸೀಟು ಹಿಂದಕ್ಕೆ ಸರಿಯುತ್ತದೆ, ಇನ್ನೂ ಹಿಂದಕ್ಕೆ. ರಂಗಣ್ಣನ ಕಾಲು ಬ್ರೇಕಿಗೆ ಎಟುಕುವುದಿಲ್ಲ.

"ದೀಪಿಕಮ್ಮ ಓಡ್ಸೋದು ಕಲೀತಾವ್ರೆ. ಉದ್ದ ಕಾಲು. ಅವ್ರು ಇಟ್ಕೊಂಡವ್ರೆ ಬುಡಿ" ಎನ್ನುತ್ತಾ ಇಳಿಯುತ್ತಾರೆ. ತಾವು ಕೂತ ಜಾಗವನ್ನು ಒಣ ಬಟ್ಟೆಯಿಂದ ಒರೆಸುತ್ತಾರೆ. ಒರೆಸುತ್ತಲೇ, ಮನೆಯೊಳಗೆ ಕೇಳದ ಹಾಗೆ ಹೇಳುತ್ತಾರೆ.

"ಎರಡನೇದು ಸುಮ್ನೇ ಇತ್ತಲ್ಲ ಸಾರ್."