ಹಿತ್ತಾಳೆಯ ಕೊಳವೆ, ಬೊಂಬಾಯಿಯ ಮಶೀನು

ನನ್ನ ಕಿವಿ ಹೋದದ್ದು ಮಗಳು ಹುಟ್ಟಿದ ವರ್ಷ. ಬಾಣಂತನದಲ್ಲೇ ವಿಷಮಜ್ವರ ಬಂತು. ಜೀವ ಉಳಿಯಿತು, ಕಿವಿ ಉಳಿಯಲಿಲ್ಲ. ಪೂರ್ತಿ ಹೋಯಿತೆಂದಲ್ಲ, ಯಾರಾದರೂ ಹತ್ತಿರ ಬಂದು ಕೂಗಿದರೆ ಗೋಡೆಯಾಚೆ ಮಾತಾಡಿದಷ್ಟು ಕೇಳುತ್ತಿತ್ತು. ಆಗ ನನಗೆ ಇಪ್ಪತ್ತೂ ತುಂಬಿರಲಿಲ್ಲ. ಧಾರವಾಡದಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನನ್ನ ಗಂಡ, ವಿಲಾಯತಿಗೆ ಹೊರಟುನಿಂತ ಒಬ್ಬ ಸಾಹೇಬನ ಬಂಗಲೆಯ ಸಾಮಾನಿನ ಲಿಲಾವಿನಲ್ಲಿ ಸವಾಲು ಕೂಗಿ ಒಂದು ಹಿತ್ತಾಳೆಯ ಕೊಳವೆ ಕೊಂಡು ತಂದರು. ಒಂದು ತುದಿ ಕಿವಿಯೊಳಗೆ ಕೂರುವಷ್ಟು ಸಣ್ಣದು, ಇನ್ನೊಂದು ತುದಿ ದತ್ತೂರಿ ಹೂವಿನಂತೆ ಅರಳಿದ್ದು. ಸಣ್ಣ ತುದಿಯನ್ನು ನಾನು ಕಿವಿಗಿಟ್ಟುಕೊಳ್ಳಬೇಕು, ಅಗಲ ಬಾಯಿಯಲ್ಲಿ ಎದುರಿನವರು ಮಾತಾಡಬೇಕು.

ನಮ್ಮ ಕಾಲದಲ್ಲಿ ಹಿರಿಯರ ಎದುರಿಗೆ ಗಂಡ ಹೆಂಡತಿ ಮಾತಾಡುತ್ತಿರಲಿಲ್ಲ. ಅದರಲ್ಲೂ ಕಿವುಡಿ ಹೆಂಡತಿಗೆ ಗುಟ್ಟು ಹೇಳುವುದೆಂದರೆ ಓಣಿಗೆಲ್ಲ ಡಂಗುರ ಹೊಡೆದಂತೆಯೇ. ಕೊಳವೆ ಬಂದ ದಿನ ಅತ್ತೆ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದರು. ಗಂಡ ನನ್ನ ಪಕ್ಕದಲ್ಲಿ ಕೂತು, ಅದರ ಬಾಯಿಗೆ ಮುಖವಿಟ್ಟು, "ಕೇಳತೈತೇನು?" ಎಂದರು. ಕೇಳಿತು. ಬರೀ ಶಬ್ದವಲ್ಲ, ಅವರದೇ ದನಿ, ಸ್ವಲ್ಪ ಒಡಕು, ಸ್ವಲ್ಪ ನಗು ಬೆರೆತದ್ದು. ನಾನು ತಲೆಯಾಡಿಸಿದೆ. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ.

"ಏನಂದ ಅಂವಾ?" ಎಂದು ಅತ್ತೆ ಬಾಗಿ ನೋಡಿದರು. ಅವರ ತುಟಿ ನೋಡಿಯೇ ನನಗೆ ಅರ್ಥವಾಯಿತು.

"ಕೇಳಲಿಲ್ರಿ ಅತ್ತಿ" ಎಂದೆ.

ಅತ್ತೆಗೆ ಕೊಳವೆಯ ಮೇಲೆ ಇದ್ದ ತಕರಾರು ಒಂದೇ, ಎಂಜಲು. ಓಣಿಯ ಹೆಂಗಸರೆಲ್ಲ ಅದಕ್ಕೆ ಬಾಯಿ ಹಚ್ಚುತ್ತಾರೆ, ಕೆಲವರಂತೂ ಶಂಖ ಊದಿದಂತೆ ಊದುತ್ತಾರೆ. ಹಾಗಾಗಿ ದಿನಾ ಬೆಳಗ್ಗೆ ದೇವರ ಸಾಮಾನಿನ ಜೊತೆಗೆ ಅದನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತೊಳೆದು, ಬಿಸಿಲಿಗಿಟ್ಟು, ಆಮೇಲೆಯೇ ಅದರಲ್ಲಿ ನನ್ನನ್ನು ಬೈಯುತ್ತಿದ್ದರು. ಬೈಯಬೇಕಾದರೆ ಅಡಿಗೆಮನೆಯಿಂದ ಎದ್ದು ಬರಬೇಕು, ನಾನು ಕೊಳವೆ ಸರಿಪಡಿಸಿಕೊಳ್ಳುವ ತನಕ ಕಾಯಬೇಕು. ಅಷ್ಟರಲ್ಲಿ ಅರ್ಧ ಸಿಟ್ಟು ಇಳಿದು, "ಸಾರಿಗೆ ಉಪ್ಪು ಹಾಕಿಲ್ಲ ನೀ" ಎಂಬಷ್ಟಕ್ಕೆ ನಿಲ್ಲುತ್ತಿತ್ತು. ಕಿವುಡು ಬಂದದ್ದರಿಂದ ನನಗೆ ಆದ ಲಾಭ ಅದೊಂದೇ ಇರಬೇಕು.

ಹದಿನೇಳು ಹದಿನೆಂಟು ವರ್ಷ ಹುಣಸೆಹಣ್ಣು ತಿಂದ ಹಿತ್ತಾಳೆ ಎಷ್ಟು ದಿನ ತಾಳೀತು? ಬೆಸುಗೆ ಬಿಟ್ಟಿತು. ಗಂಡ ಹುಬ್ಬಳ್ಳಿಗೆ ಒಯ್ದು ಹಾಕಿಸಿಕೊಂಡು ಬಂದರು. ಇನ್ನೊಂದು ಕಡೆ ಸೀಳಿತು. ಮತ್ತೆ ಒಯ್ದರು. ಮಾತಾಡಿದರೆ ಗಾಳಿ ಸೋರಿ ಪೀ ಎನ್ನುತ್ತಿತ್ತು, ನಡುವೆ ಜಿರಿಜಿರಿ ನಡುಕ. ಕಡೆಗೆ ಬೆಸುಗೆಯವರು, "ಮಾಸ್ತರ್ ಸಾಹೇಬ್ರ, ಇದು ಎಲಿಯಂಗ ತೆಳ್ಳಗಾಗೇತ್ರಿ. ಇಲ್ಲಿ ಹಚ್ಚಿದರ ಅಲ್ಲಿ ಹರೀತೈತಿ" ಎಂದು ಹೇಳಿ ಕಳಿಸಿದರು. ಗಂಡ ಮನೆಗೆ ಬಂದು ಅದನ್ನು ಹೇಳುವಾಗ ಅತ್ತೆ, ಎಷ್ಟು ಥಳಥಳ ಇಟ್ಟಿದ್ದೆ ನೋಡು ಎಂಬಂತೆ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

ನನ್ನ ಗಂಡನ ಇನ್ನೊಂದು ಅಭ್ಯಾಸವನ್ನು ಇಲ್ಲಿ ಹೇಳಬೇಕು. ಅವರು ಶಾಲೆಯಲ್ಲಿ ಹುಡುಗರಿಂದ ಸಾರಾಂಶ ಬರೆಸುವ ಮಾಸ್ತರರು. ಮನೆಯಲ್ಲಿ ನನಗೂ ಸಾರಾಂಶವೇ ಸಿಗುತ್ತಿತ್ತು. ನಾಲ್ಕು ಜನ ಕೂತು ಗಂಟೆಗಟ್ಟಲೆ ಮಾತಾಡಿ, ನಕ್ಕು, ಜಗಳಾಡಿ ಎದ್ದುಹೋದ ಮೇಲೆ ನಾನು ಕೊಳವೆ ಮುಂದೆ ಹಿಡಿದರೆ, "ಏನಿಲ್ಲ, ಅವರ ತಮ್ಮನ ಹೊಲದ ಮಾತು" ಎನ್ನುತ್ತಿದ್ದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಬರೀ ಹೊಲದ ಮಾತಿಗೆ ಒಬ್ಬರು ಹೊಟ್ಟೆ ಹಿಡಿದುಕೊಂಡು ನಗುವುದು, ಇನ್ನೊಬ್ಬರು ಕಣ್ಣೊರೆಸಿಕೊಳ್ಳುವುದು ಹೇಗೆಂದು ನನಗೆ ತಿಳಿಯುತ್ತಿರಲಿಲ್ಲ. ಆದರೂ ಹೇಳುವ ದನಿ ಅವರದಾಗಿತ್ತಲ್ಲ, ಅದನ್ನು ಕೇಳುತ್ತ ಉಳಿದದ್ದನ್ನು ಬಿಟ್ಟುಕೊಟ್ಟಿದ್ದೆ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಮಗಳು ಮ್ಯಾಟ್ರಿಕ್ ಪಾಸಾದಳು. ಹುಬ್ಬಳ್ಳಿಯ ಅರಿವೆ ಅಂಗಡಿಯ ಮನೆತನದವರು ಅವಳನ್ನು ನೋಡಲು ಬಂದರು. ಹುಡುಗನ ತಾಯಿ, ಸೋದರಮಾವ, ಹುಡುಗ. ನಾನು ಸೋರುವ ಕೊಳವೆ ಹಿಡಿದು ಮೂಲೆಯಲ್ಲಿ ಕೂತಿದ್ದೆ. ಬಾಯಿಗಳು ಆಡಿದವು, ಚಹಾ ಬಂತು, ಹೋದರು. "ಎಲ್ಲಾ ಛಲೋ ಆತು. ಹುಡುಗಿಗೂ ಒಪ್ಪಿಗಿ ಐತಿ" ಎಂದು ಗಂಡ ಹೇಳಿದರು.

ಮಗಳ ಮುಖ ಮಾತ್ರ ಬೇರೆ ಹೇಳುತ್ತಿತ್ತು. ಊಟ ಅರ್ಧಕ್ಕೆ ಬಿಟ್ಟು ಏಳುವಳು. ಹತ್ತಿರ ಕೂರಿಸಿಕೊಂಡು ಕೊಳವೆಯನ್ನು ಅವಳ ಬಾಯಿಗೆ ಹಿಡಿದೆ. "ಏನಿಲ್ಲವ್ವಾ" ಎಂದಳು. ಮತ್ತೆ ಕೇಳಿದೆ. ಮತ್ತೆ ಅದೇ. ಸಂಕಟದ ಮಾತು ಬಾಯಿಂದ ಬರುವುದೇ ಗೊಣಗಿದಂತೆ, ಪಾತ್ರೆ ತಿಕ್ಕುತ್ತ, ತಲೆ ತಗ್ಗಿಸಿ. ಅದನ್ನು ಹಿತ್ತಾಳೆಯ ಬಾಯೊಳಗೆ ಬಿಡಿಸಿ, ಏರಿಸಿ ಹೇಳೆಂದರೆ ಹದಿನೇಳರ ಹುಡುಗಿ ಹೇಗೆ ಹೇಳಿಯಾಳು? ನನಗೆ ಅವಳ ದನಿ ಗೊತ್ತಿದ್ದದ್ದು ನನಗೆಂದೇ ಅವಳು ಆಡಿದ ಮಾತಿನಲ್ಲಿ ಮಾತ್ರ. ತನ್ನಷ್ಟಕ್ಕೆ, ಬೇರೆಯವರೊಡನೆ ಆಡುವ ದನಿ ಹೇಗಿತ್ತೋ ನನಗೆ ತಿಳಿಯದು.

ಅದೇ ಸುಮಾರಿಗೆ ಬೊಂಬಾಯಿಯ ಏಜೆಂಟನೊಬ್ಬ ಹುಬ್ಬಳ್ಳಿಗೆ ಬಂದಿದ್ದ. ಕಿವಿಯ ಮಶೀನು ಮಾರುವವನು. ನಮ್ಮ ಮನೆಗೂ ಬಂದು, ಎಂಟು ದಿನ ಇಟ್ಟುಕೊಂಡು ನೋಡಿರಿ, ಬೇಡವಾದರೆ ವಾಪಸು ಕೊಡಿರಿ ಎಂದು ಒಂದನ್ನು ಬಿಟ್ಟುಹೋದ. ಎಲೆಯಡಿಕೆ ಡಬ್ಬಿಯಷ್ಟು ಕರಿಯ ಪೆಟ್ಟಿಗೆ, ಅದನ್ನು ಎದೆಗೆ ಸಿಕ್ಕಿಸಿಕೊಳ್ಳಬೇಕು. ಅದರಿಂದ ಒಂದು ವಾಯರು ಕಿವಿಗೆ, ಇನ್ನೊಂದು ನಡುವಿಗೆ ಕಟ್ಟಿಕೊಂಡ ಚೀಲದಲ್ಲಿನ ಬ್ಯಾಟರಿಗೆ. ಆ ಬ್ಯಾಟರಿಯ ಭಾರಕ್ಕೆ ಸೊಂಟ ಒಂದು ಕಡೆ ಜಗ್ಗುತ್ತಿತ್ತು.

ಗುಂಡಿ ತಿರುಗಿಸಿದೆ. ಕಸಬರಿಗೆಯ ಸದ್ದು, ಕಾಗೆ, ಟಾಂಗಾ, ಪಕ್ಕದ ಮನೆಯ ಒರಳು, ಎಲ್ಲ ಒಟ್ಟಿಗೆ ಕಿವಿಗೆ ನುಗ್ಗಿದವು. ಯಾವುದು ದೂರ, ಯಾವುದು ಹತ್ತಿರ ಎಂದು ತಿಳಿಯದೆ ತಲೆ ಸಿಡಿಯಿತು. ಸೆರಗು ಪೆಟ್ಟಿಗೆಗೆ ತಾಗಿದರೆ ಬಿರುಗಾಳಿ ಬೀಸಿದಂತಾಗುತ್ತಿತ್ತು. ಗಂಡ ಎದುರಿಗೆ ನಿಂತು ಏನೋ ಹೇಳಿದರು. ಮಾತು ತಿಳಿಯಿತು, ಆದರೆ ಅದು ಅವರ ದನಿಯಲ್ಲ.

"ನನ್ನ ದನಿ ಹ್ಯಾಂಗ ಕೇಳತೈತಿ?" ಎಂದರು.

"ಡಬ್ಬಿಯೊಳಗ ಕುಂತು ಮಾತಾಡಿದಂಗ ಐತ್ರಿ" ಎಂದೆ. ಅವರು ನಕ್ಕರು, ಆದರೆ ಮುಖ ಸಣ್ಣದಾಯಿತು. ನನಗೂ ಅಳು ಬಂತು. ಇಷ್ಟು ವರ್ಷ ಅದೊಂದು ದನಿಯನ್ನೇ ನೆಚ್ಚಿಕೊಂಡು ಬದುಕಿದ್ದೆ.

"ಕೊಟ್ಟುಬಿಡೂಣು. ಬ್ಯಾಟರಿ ತೀರಿದರ ಬೊಂಬಾಯಿಗೆ ಬರೀಬೇಕು. ಕೊಳವಿಗೇ ಇನ್ನೊಮ್ಮಿ ಗಟ್ಟಿ ಬೆಸಿಗಿ ಹಾಕಸ್ತೀನಿ, ಬ್ಯಾರೆ ತಗಡ ಸುತ್ತಿಸ್ತೀನಿ. ಕೊಳವಿಗೆ ಏನ ಬೇಕು? ನಾ ಬೇಕು, ಅಷ್ಟ" ಎಂದರು ಅವರು. ಆ ಮಾತಿಗೆ ನಾನು ಕರಗಿದ್ದು ನಿಜ. ಆಗಲಿ ಎಂದೂ ಅಂದುಬಿಟ್ಟೆ.

ಆದರೆ ಎಂಟು ದಿನ ಮುಗಿಯುವ ಮೊದಲೇ ಹುಡುಗನ ತಾಯಿ, ಸೋದರಮಾವ ಮಾತು ಪಕ್ಕಾ ಮಾಡಲು ಬಂದರು. ಕೊಳವೆ ಹುಬ್ಬಳ್ಳಿಯಲ್ಲಿ ಬೆಸುಗೆಗೆ ಹೋಗಿತ್ತು, ಹಾಗಾಗಿ ನಾನು ಮಶೀನು ಕಟ್ಟಿಕೊಂಡೇ ಪಡಸಾಲೆಗೆ ಬಂದೆ. ಅದನ್ನು ನೋಡಿ ಅತ್ತೆ ದಂಗಾದರು. "ಬೀಗರ ಮುಂದ ಇದೇನ ಅವತಾರ! ಸೆರಗಿನೊಳಗ ಇಟ್ಕೋ" ಎಂದು ತಾವೇ ಸೆರಗು ಹೊದಿಸಿ ಒಳಗೆ ಹೋಗಿ ಮಗಳ ಜೊತೆ ಬಾಗಿಲ ಮರೆಯಲ್ಲಿ ನಿಂತರು. ನನಗೆ ಬಿರುಗಾಳಿ ಬಿಟ್ಟರೆ ಬೇರೇನೂ ಕೇಳದು. ಎದುರಿಗೆ ಮತ್ತೆ ಬಾಯಿಗಳು ಆಡತೊಡಗಿದವು. ಮತ್ತೆ ನನಗೆ ಸಿಗುವುದು ಸಾರಾಂಶವೇ ಎನಿಸಿ ಮೈ ಉರಿಯಿತು. ಸೆರಗನ್ನು ಸರಿಸಿ ಪೆಟ್ಟಿಗೆಯನ್ನು ಮೇಲಕ್ಕೆ ತೆಗೆದು ಕೂತೆ. ಹುಡುಗನ ಸೋದರಮಾವ ಬೇರೆ ಕಡೆ ನೋಡಿದರು.

ಹುಡುಗನ ತಾಯಿ ನನ್ನ ಗಂಡನನ್ನು ಕೇಳುತ್ತಿದ್ದರು, "ಮುಂದ ಕಾಲೇಜು ಗೀಲೇಜು ಅನ್ನೂದಿಲ್ಲಲ್ರಿ ಹುಡುಗಿ?"

"ಇಲ್ಲ ಬಿಡ್ರಿ" ಎಂದರು ಇವರು.

ಆಗ ಬಾಗಿಲ ಮರೆಯಿಂದ ಬಂತು ಒಂದು ಸಣ್ಣ ದನಿ. ಪಿಸುಮಾತಿಗಿಂತ ತುಸು ಮೇಲೆ, ಮಗಳು ಅಜ್ಜಿಗೆ ಹೇಳುತ್ತಿದ್ದಳು. "ಆಯಿ, ನಾ ಒಲ್ಲೆ ಅಂತ ಹೋದಸಲಾನ ಹೇಳೇನಿ. ಕಾಲೇಜಿಗೆ ಹೋಗ್ತೀನಿ ಅಂದೇನಿ. ಅವ್ವಗ ಹೇಳು ಅಂತ ಎಷ್ಟ ಸಲಾ ಹೇಳಲಿ ನಿಮಗೆಲ್ಲಾ?"

"ಸುಮ್ಮನಿರ ತಾಯಿ. ಆಕಿಗೆ ಮೊದಲ ಕೇಳೂದಿಲ್ಲ, ಯಾಕ ತ್ರಾಸ ಕೊಡ್ತಿ" ಎಂದರು ಅತ್ತೆ.

ಇಷ್ಟು ದಿನ ಇವಳು ನನಗೆ ತಿಳಿಸಿರೆಂದು ಮನೆಯವರಿಗೆಲ್ಲ ಹೇಳುತ್ತಲೇ ಇದ್ದಳು. ಅವಳ ಮಾತನ್ನು ಯಾರೂ ನನ್ನ ತನಕ ತರಲಿಲ್ಲ.

"ನನ್ನ ಮಗಳು ಒಲ್ಲೆ ಅನ್ನಾಕತ್ತಾಳ್ರಿ" ಎಂದೆ. ಪೆಟ್ಟಿಗೆಯೊಳಗಿಂದ ಒಂದು ಒರಟು ದನಿ ಕಿವಿಗೆ ಬಡಿಯಿತು. ಅದು ನನ್ನದೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. "ಆಕಿ ಕಾಲೇಜಿಗೆ ಹೋಗ್ತಾಳಂತ. ಈಗ ಮದುವಿ ಬ್ಯಾಡ್ರಿ. ತಪ್ಪ ತಿಳೀಬ್ಯಾಡ್ರಿ" ಎಂದೂ ಅಂದೆ. ಅವರು ತಪ್ಪೇ ತಿಳಿದರು. ಚಹಾ ಮುಟ್ಟದೆ ಎದ್ದುಹೋದರು.

ಆಮೇಲೆ ಮನೆಯಲ್ಲಿ ಆದದ್ದನ್ನು ಜಗಳ ಎನ್ನಲೇಬೇಕು. ಮೊದಲಾದರೆ ಜಗಳ ಹೆಚ್ಚಾದಾಗ ನಾನು ಕೊಳವೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರೆ ಮುಗಿಯಿತು, ಗೆಲುವು ನನ್ನದೇ. ಈ ಸಲ ಗುಂಡಿಯನ್ನು ಪೂರ್ತಿ ಏರಿಸಿ ಕೂತೆ.

"ನಿನಗ ತ್ರಾಸ ಆಗಬಾರ್ದಂತ ಹೇಳಲಿಲ್ಲ" ಎಂದರು ಗಂಡ. ಅವರ ಕಣ್ಣಲ್ಲಿ ನೀರಿತ್ತು, ಕಪಟವಿರಲಿಲ್ಲ.

"ನನ್ನ ಪಾಲಿನ ತ್ರಾಸ ನನಗ ಕೊಡ್ರಿ" ಎಂದೆ. "ಅದನ್ನೂ ನೀವ ಇಟ್ಕೊಂಡರ ನಾ ಯಾಕ ಇರಬೇಕು ಈ ಮನ್ಯಾಗ?"

ಅವರು ಅಂಗಿ ಹಾಕಿಕೊಂಡು ಹೊರಗೆ ಹೋದರು. ಮರುದಿನ ಕಾಲೇಜಿನಲ್ಲಿ ಮಗಳ ಹೆಸರು ಹಚ್ಚುವುದಕ್ಕೆ ವಿಚಾರಿಸಿಕೊಂಡು ಬಂದರು, ಅಷ್ಟೇ ಸಿಟ್ಟಿನಿಂದ.

ಏಜೆಂಟ ಬರುವ ದಿನ ಬಂತು. ಬೆಸುಗೆಯಾದ ಕೊಳವೆಯೂ ಹುಬ್ಬಳ್ಳಿಯಿಂದ ಬಂದಿತ್ತು. ಸುತ್ತ ಹೊಸ ತಗಡು ಸುತ್ತಿ ಗಟ್ಟಿಮುಟ್ಟಾಗಿ ಮಾಡಿದ್ದರು. ಗಂಡ ಅದನ್ನು ನನ್ನ ಕೈಗಿಟ್ಟು ಮಾತಾಡಿದರು. ಪೀ ಎನ್ನಲಿಲ್ಲ, ನಡುಗಲಿಲ್ಲ. ಅದೇ ಒಡಕು, ಅದೇ ನಗು. ಎಂಟು ದಿನದಲ್ಲಿ ಅದಕ್ಕಾಗಿ ಎಷ್ಟು ಹಸಿದಿದ್ದೆನೆಂದು ಆಗ ತಿಳಿಯಿತು. ನಾನು ಕಣ್ಣು ಮುಚ್ಚಿಕೊಂಡೆ.

"ಯಾವುದು ಇಟ್ಕೋತಿ?" ಎಂದು ಕೇಳಿದರು. "ನೀ ಹೇಳಿದಂಗ."

ಎರಡನ್ನೂ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಕೆಲವರು ಆಮೇಲೆ ಕೇಳಿದ್ದುಂಟು. ಕೊಳವೆ ಮನೆಯಲ್ಲಿ ಉಳಿದರೆ ಎಲ್ಲರೂ ಮತ್ತೆ ಅದಕ್ಕೇ ಬರುತ್ತಾರೆ, ನಾನೂ ಬರುತ್ತೇನೆ ಎಂದು ನನಗೆ ಗೊತ್ತಿತ್ತು. ಗಂಡನೆದುರಿಗೇ ಕೊಳವೆ ಕೆಳಗಿಟ್ಟು, ಮಶೀನು ಕಿವಿಗಿಟ್ಟುಕೊಂಡು ಗುಂಡಿ ತಿರುಗಿಸಿದೆ. ಕಾಗೆ, ಒರಳು, ಟಾಂಗಾ. ಆಮೇಲೆ ಹಿತ್ತಲಿನಿಂದ, ಬಾವಿಯ ಕಡೆಯಿಂದ, "ಅವ್ವಾ" ಎಂದು ಕೇಳಿಸಿತು.

ಮಗಳು ಹುಟ್ಟಿದಾಗಿನಿಂದ ನನ್ನನ್ನು ಕಾಣದ ಕಡೆಯಿಂದ ಕರೆದದ್ದಿಲ್ಲ. ಕರೆದು ಪ್ರಯೋಜನವಿಲ್ಲವೆಂದು ಅವಳು ಮಾತು ಕಲಿಯುವಾಗಲೇ ಕಲಿತಿದ್ದಳು. ಎದುರಿಗೆ ಬಂದು, ಮೈ ಮುಟ್ಟಿ, ನಾನು ತಿರುಗಿದ ಮೇಲೆಯೇ ಬಾಯಿ ತೆರೆಯುವಳು.

ಕರೆಯುತ್ತಿದ್ದಾಳೆ ಎಂದು ಗಂಡ ಹಿತ್ತಲ ಕಡೆ ಕೈ ತೋರಿಸಿದರು. ಕೇಳಿಸಿದೆ ಎಂದು ತಲೆಯಾಡಿಸಿದೆ. ಆದರೆ ಓಗೊಡಲಿಲ್ಲ. ಅವಳು ಇನ್ನೊಮ್ಮೆ ಕರೆಯಲಿ ಎಂದು ಸುಮ್ಮನೆ ಕೂತೆ.