ಸುತ್ತಿಗೆ ಅತ್ತೆಯ ಸೊಟ್ಟ ಬಟ್ಟಲು

ಬೀದಿಯ ಮಕ್ಕಳು ಅವಳಿಗೆ ಸುತ್ತಿಗೆ ಅತ್ತೆ ಎಂದು ಹೆಸರಿಟ್ಟಿದ್ದರು. ಪಿಂಗಾಣಿ ಬಟ್ಟಲು ಮಾಡುವುದು ಅವಳ ಕಸುಬು. ಭಟ್ಟಿಯಿಂದ ಹೊರಬಂದದ್ದು ಕೂದಲೆಳೆಯಷ್ಟು ಸೊಟ್ಟಗಿದ್ದರೂ ಸುತ್ತಿಗೆಯಿಂದ ಒಂದೇ ಏಟು. ಆ ಸದ್ದಿಗೇ ಬೀದಿಯ ಮಧ್ಯಾಹ್ನದ ತೂಕಡಿಕೆ ಹಾರಿಹೋಗುತ್ತಿತ್ತು.

ಗಂಡ ಟೈಲರು. ಕೀಲುನೋವಿಗೆ ಎರಡೂ ಕೈಗಳ ಬೆರಳು ಕೊಕ್ಕೆಯಂತೆ ಮಡಚಿ ಹಾಗೇ ನಿಂತುಬಿಟ್ಟಿದ್ದವು. ಎದುರುಬದುರು ಕೂತು ಚಹಾ ಕುಡಿಯುವುದು ಮದುವೆಯಾದಾಗಿನಿಂದ ಅವರ ರೂಢಿ. ಒಂದು ದಿನ ಬಟ್ಟಲು ಜಾರಿ ಅಂಗಿಯೆಲ್ಲ ಚಹಾ ಆಯಿತು ನೋಡಿ, ಅಂದಿನಿಂದ ಆತ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕುಡಿಯತೊಡಗಿದ. ಎದುರಿನ ಖಾಲಿ ಕುರ್ಚಿ ಕಂಡರೆ ಅವಳಿಗೆ ತನ್ನ ಚಹಾ ಸೇರುತ್ತಿರಲಿಲ್ಲ. ಹಿಡಿಯಲು ಕಿವಿಯಿದ್ದದ್ದು, ಸೊಂಟ ಸಣ್ಣಗಿದ್ದದ್ದು, ಎಷ್ಟೋ ಬಗೆಯ ಬಟ್ಟಲು ಮಾಡಿಕೊಟ್ಟಳು. ನುಣುಪು ಪಿಂಗಾಣಿ ಯಾವುದೂ ಆ ಕೈಯಲ್ಲಿ ನಿಲ್ಲಲಿಲ್ಲ.

"ಕೂತು ಕೂತು ಸಾಕಾಗಿದೆ, ಏನಾದ್ರೂ ಕೆಲಸ ಕೊಡು" ಎಂದು ಒಮ್ಮೆ ಆತ ಕೆಲಸದ ಕೋಣೆಗೆ ಬಂದ. ಚಕ್ರದ ಮೇಲಿನ ಹಸಿ ಬಟ್ಟಲನ್ನು ಹಲಗೆಗೆ ಇಡಲು ಹೋಗಿ ಹಿಚುಕಿಬಿಟ್ಟ. ಮುಖ ಸಪ್ಪಗಾಯಿತು.

"ಇರ್ಲಿ ಬಿಡಿ" ಎಂದು ಅವಳು, ಗುರುತೇ ಸಿಗದ ಹಾಗೆ, ಅದನ್ನು ತಿದ್ದಿ ಬೇರೆ ಬಟ್ಟಲುಗಳ ಜೊತೆ ಸೇರಿಸಿದಳು.

ಆದರೆ ಪಿಂಗಾಣಿ ಮಣ್ಣಿನ ಹಟವೇ ಬೇರೆ. ಹಸಿಯಲ್ಲಿ ಸೊಟ್ಟಗಾದದ್ದನ್ನು ಎಷ್ಟು ನೆಟ್ಟಗೆ ಮಾಡಿದರೂ ಬೆಂಕಿಗೆ ಹೋದಾಗ ಹಳೆಯದೆಲ್ಲ ನೆನಪಾಗುತ್ತದೆ. ಭಟ್ಟಿ ತೆರೆದಾಗ ಆ ಬಟ್ಟಲು ಮತ್ತೆ ತಗ್ಗುಬಿದ್ದಿತ್ತು. ಅವಳ ಕೈ ಅಭ್ಯಾಸಬಲದಿಂದ ಸುತ್ತಿಗೆ ಎತ್ತಿತು.

"ಅದು ನಂದೇ ಅಲ್ವಾ?" ಬಾಗಿಲಲ್ಲಿ ಗಂಡ. "ನಾಯಿ ಬಾಲ ಡೊಂಕೇ. ಹೊಡಿ." ನಗುತ್ತಲೇ ಹೇಳಿದ, ಕಣ್ಣು ಮಾತ್ರ ನಗಲಿಲ್ಲ.

ಹೊಡೆಯದೆ ಸುತ್ತಿಗೆ ಕೆಳಗಿಟ್ಟಳು. ಅವಳು ಬಟ್ಟಲನ್ನು ಕಿಟಕಿಗೆ ಹಿಡಿದಳು. ತಗ್ಗುಗಳು ತೆಳ್ಳಗಿದ್ದಲ್ಲಿ ಬಿಸಿಲು ಹಾಲಿನಂತೆ ಒಳಗಿಳಿದಿತ್ತು. ನಾಲ್ಕು ಬೆರಳು, ಒಂದು ಹೆಬ್ಬೆರಳು. ಆತನ ಕೈಯೇ ಆ ಬೆಳಕಿನೊಳಗೆ ನಿದ್ದೆಹೋದಂತಿತ್ತು. ನೋಡುತ್ತ ನೋಡುತ್ತ ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ. ಇಂಥವನ್ನು ಎಷ್ಟು ಒಡೆದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಆತನ ಕೈಗೆ ಕೊಟ್ಟರೆ ಬೆರಳು ತಗ್ಗುಗಳಲ್ಲಿ ಕೂರಲಿಲ್ಲ. ಬೆಂಕಿಯಲ್ಲಿ ಬಟ್ಟಲೂ ಕುಗ್ಗಿತ್ತು, ತಗ್ಗುಗಳೂ ಕುಗ್ಗಿದ್ದವು.

ಆತ ತಿರುಗಿಸಿ ತಿರುಗಿಸಿ ನೋಡಿದ. ಬಹಳ ದಿನದ ಮೇಲೆ ಆತನೊಳಗಿನ ಟೈಲರನ ದನಿ ಬಂತು: "ಕುಗ್ಗೋ ಬಟ್ಟೆಗೆ ಮೊದಲೇ ಒಂದಿಷ್ಟು ಸಡಿಲ ಬಿಟ್ಟು ಹೊಲೀಬೇಕು ಕಣೇ. ಬೆಳೆಯೋ ಮಕ್ಕಳ ಅಂಗಿ ಹಾಗೆ."

ಮರುದಿನ ಅವಳು ದೊಡ್ಡದೊಂದು ಬಟ್ಟಲು ತಿರುಗಿಸಿದಳು. ಹೊಲಿಗೆಯ ಚೂರುಬಟ್ಟೆ ಹುಡುಕಿ ತಂದು ಆತನ ಬೆರಳು ಬೆರಳಿಗೂ ಸುತ್ತಿ ದಪ್ಪ ಮಾಡಿದಳು.

"ಹಿಚುಕಿ."

"ಹಾಳಾಗುತ್ತೆ."

"ಆಗ್ಲಿ. ಈ ಸಲ ನಾನು ತಿದ್ದಲ್ಲ."

ಸುಟ್ಟು ತಣಿದ ಬಟ್ಟಲಿಗೆ ಚಹಾ ಬಗ್ಗಿಸಿ ಒಳಕೋಣೆಗೆ ಒಯ್ಯದೆ ಮೇಜಿನ ಮೇಲೇ ಇಟ್ಟಳು. ಆತ ಬಂದು ಎದುರು ಕೂತ. ಮಡಚಿದ ಬೆರಳುಗಳು ತಮ್ಮ ತಮ್ಮ ಜಾಗ ಹುಡುಕಿಕೊಂಡವು. ಅವಳು ಕಂಡೂ ಕಾಣದವಳಂತೆ ತನ್ನ ಬಟ್ಟಲನ್ನೇ ನೋಡುತ್ತಿದ್ದಳು.

ಆತ ಖಾಲಿ ಬಟ್ಟಲನ್ನು ಅವಳ ಮುಂದೆ ಚಾಚಿದ.

"ಇನ್ನೊಂಚೂರು ಹಾಕು."