ಬುಧವಾರದ ಫೋನು

ಎರಡು ಸಾವಿರನೇ ಇಸವಿ ದಾಟಿದ ಮೇಲಿನ ಮಾತು. ಕಾಲುನೋವಿನಿಂದ ನನ್ನ ಹೆಂಡತಿ ಕುಂಬಾರಕೊಪ್ಪಲಿನ ನಮ್ಮ ಮಹಡಿ ಮನೆ ಬಿಟ್ಟು ಇಳಿಯುವುದೇ ನಿಂತಿತ್ತು. ನಾನೋ, ಮಂಡಿ ಮೊಹಲ್ಲಾದ ಸಗಟು ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಜೊತೆ ಹರಟಿ ಬಂದು, ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಊಟ ಮಾಡುತ್ತಿದ್ದವನು.

ಒಂಟಿಯಾದ ವಯಸ್ಸಾದವರಿಗೆಂದು ಯಾವುದೋ ಸಂಸ್ಥೆಯವರು ಬುಧವಾರ ಸಂಜೆ ಐದಾರು ಮನೆಗಳ ಫೋನನ್ನು ಒಂದೇ ಲೈನಿಗೆ ಜೋಡಿಸಿ ಮಾತಿಗೆ ಕೂರಿಸುತ್ತಿದ್ದರು. ಅವಳೂ ಸೇರಿಕೊಂಡಳು. ಗಂಡ ಇರುವವಳಿಗೆ ಎಂಥ ಒಂಟಿತನ ಎಂದು ನನಗೆ ಚುಚ್ಚಿತು. ಆ ಸಂಜೆಗಳಲ್ಲಿ ಅವಳು ತಲೆ ಬಾಚಿ, ಸೀರೆ ಬದಲಿಸಿ ಫೋನಿನ ಮುಂದೆ ಕೂರುತ್ತಿದ್ದಳು. ಯಾರಿಗೆ ಕಾಣುತ್ತದೆ ಎಂದು ಕೇಳಿದೆ.

"ನಾಲ್ಕು ಜನದ ಮಧ್ಯೆ ಕೂತ್ಕೋಬೇಕಲ್ವೇನ್ರೀ," ಎಂದಳು.

ಆ ಲೈನಿನಲ್ಲಿದ್ದ ಯಾದವಗಿರಿಯ ಒಬ್ಬ ನಿವೃತ್ತ ಮೇಷ್ಟ್ರು ಅವಳನ್ನು ನಗಿಸುತ್ತಿದ್ದರು. ನನ್ನ ಯಾವ ಮಾತಿಗೂ ಅವಳು ಹಾಗೆ ನಕ್ಕವಳಲ್ಲ. ಒಂದು ಸಂಜೆ ಒಳಕೋಣೆಯಲ್ಲಿದ್ದ, ಅದೇ ಲೈನಿನ ಪ್ಯಾರಲಲ್ ಫೋನನ್ನು ಮೆಲ್ಲಗೆ ಎತ್ತಿದೆ. ಎರಡು ರಿಸೀವರ್ ಎತ್ತಿದರೆ ದನಿ ಕುಗ್ಗುತ್ತದೆಂಬುದು ನನಗೆ ಹೊಳೆಯಲೇ ಇಲ್ಲ.

"ನಿಮ್ಮ ಯಜಮಾನ್ರು ಬಂದ ಹಾಗಿದೆ ಕಣಮ್ಮ," ಎಂದರು ಮೇಷ್ಟ್ರು. "ಕದ್ದು ಯಾಕೆ ಸ್ವಾಮಿ, ಆರಾಮಾಗಿ ಕೂತ್ಕೊಂಡೇ ಕೇಳಿ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಅದನ್ನು ನನ್ನಿಂದ ನುಂಗಲಾಗಲಿಲ್ಲ.

ಮುಂದಿನ ಬುಧವಾರ ಅವಳು ಬಚ್ಚಲಲ್ಲಿದ್ದಾಗ ಸಂಸ್ಥೆಯವರ ಕರೆ ಬಂತು. ತಂಗಿಯ ಊರಿಗೆ ಹೋಗಿದ್ದಾಳೆ, ಸದ್ಯಕ್ಕೆ ಬರುವುದಿಲ್ಲ, ಇನ್ನು ಫೋನ್ ಮಾಡಬೇಡಿ ಎಂದು ಇಟ್ಟುಬಿಟ್ಟೆ.

ಅವಳು ಕಾದಳು. ಲೈನು ಸತ್ತಿದೆಯೇನೋ ಎಂದು ರಿಸೀವರ್ ಎತ್ತಿ ಕಿವಿಗಿಟ್ಟು ನೋಡುತ್ತಿದ್ದಳು. ಕೆಲವು ವಾರಗಳ ಮೇಲೆ ಒಂದು ಬುಧವಾರ ಸೀರೆ ಬದಲಿಸದೆ ಸುಮ್ಮನೆ ಅಕ್ಕಿ ಆರಿಸುತ್ತ ಕೂತಳು.

"ನಾನೇ ಏನೋ ಹೆಚ್ಚುಕಮ್ಮಿ ಆಡ್ಬುಟ್ಟಿರ್ಬೇಕು ಕಣ್ರೀ. ಜನದ ಜೊತೆ ಮಾತಾಡಿ ಅಭ್ಯಾಸ ತಪ್ಪೋಗಿದೆ ನಂಗೆ."

ಆಗ ಹೇಳಿಬಿಟ್ಟೆ. ಮೊರದ ಮೇಲಿನ ಅವಳ ಕೈ ನಿಂತಿತು.

"ನಂಗಲ್ಲ, ಅವ್ರಿಗೆ ಹೇಳಿ. ಎಲ್ರಿಗೂ."

ಸಂಸ್ಥೆಯವರನ್ನು ನಾನೇ ಬೇಡಿಕೊಂಡೆ. ಮರುವಾರ ಎಲ್ಲರೂ ಲೈನಿಗೆ ಬಂದ ಮೇಲೆ, ಅವಳು ಊರಲ್ಲೇ ಇದ್ದಳು, ನಾನು ಸುಳ್ಳು ಹೇಳಿದೆ ಎಂದೆ. ಅವಳು ನನ್ನ ಕೈಯಿಂದ ರಿಸೀವರ್ ತೆಗೆದುಕೊಂಡು, ನೀವು ಹೊರಗೆ ಕೂತಿರಿ ಎಂದಳು.

ಹೊರಗೆ ಚಪ್ಪಲಿಗಳ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೆ ಬಾಗಿಲಾಚೆ ಅವಳ ನಗು ಕೇಳಿತು. ಮೇಷ್ಟ್ರು ಏನಂದರೋ ಎಂದು ನನಗೆ ಆಗಲೂ ಹೊಟ್ಟೆ ಉರಿಯಿತು. ಆದರೆ ಎದ್ದು ಒಳಗೆ ಹೋಗಲಿಲ್ಲ.